ಬೇಜಾರು ಹಿಡಿಸಲೆಂದೇ ಮಾಡಿದ ಆಟ

ಕೇಳುಗರಿಗೆ ನಮಸ್ಕಾರ.

"ಹೋಂವರ್ಕ್‌ಗೆ ಕೂರಿಸಿದರೆ ಐದು ನಿಮಿಷ ಕೂರಲ್ಲ. ಮೊಬೈಲ್ ಗೇಮ್ ಕೊಟ್ಟರೆ ಎರಡು ಗಂಟೆ ಅಲ್ಲಾಡಲ್ಲ. ಇವನಿಗೆಂಥ ಗಮನದ ತೊಂದರೆ ಡಾಕ್ಟ್ರೇ?" ಅಪ್ಪ ಅಮ್ಮಂದಿರು ಹೀಗೆ ಕೇಳೋದು ಸಹಜ. ಆದರೆ ಮೊಬೈಲ್ ಆಟ ಕ್ಷಣಕ್ಕೊಂದು ಬಹುಮಾನ ಕೊಡುತ್ತದೆ. ನಾಣ್ಯ, ಸದ್ದು, ಹೊಸ ಲೆವೆಲ್. ಅಲ್ಲಿ ಮಗುವಿನ ಗಮನವನ್ನು ಆಟವೇ ಹಿಡಿದಿಡುತ್ತದೆ. ಎ.ಡಿ.ಎಚ್.ಡಿ., ಅಂದರೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ ಇರುವ ಮಕ್ಕಳೂ ಅದರಲ್ಲಿ ಮುಳುಗಿಹೋಗಬಹುದು.

ಈ ತೊಂದರೆಯ ತಪಾಸಣೆಗೆಂದು ಮಾಡಿದ ಕಂಪ್ಯೂಟರ್ ಆಟ ಮೊಬೈಲ್ ಆಟಕ್ಕೆ ತದ್ವಿರುದ್ಧ. ಅದು ಬೇಕಂತಲೇ ಬೋರ್ ಹೊಡೆಸುತ್ತದೆ. ಅಮೆರಿಕದ 'ಟೋವಾ' ಪರೀಕ್ಷೆಯನ್ನೇ ನೋಡಿ. ಎರಡು ಸೆಕೆಂಡಿಗೊಮ್ಮೆ ಪರದೆಯ ಮೇಲೊಂದು ಚೌಕ ಮಿಂಚಿ ಮಾಯವಾಗುತ್ತದೆ. ಅದರೊಳಗೆ ಇನ್ನೊಂದು ಪುಟ್ಟ ಚೌಕ. ಅದು ಮೇಲುಗಡೆ ಇದ್ದರೆ ಗುಂಡಿ ಒತ್ತಬೇಕು, ಕೆಳಗಡೆ ಇದ್ದರೆ ಸುಮ್ನಿರಬೇಕು. ಸುಮಾರು 22 ನಿಮಿಷ ಇಷ್ಟೇ. ದೊಡ್ಡವರಿಗೂ ಆಕಳಿಕೆ ಬರುತ್ತೆ, ಅಲ್ವಾ?

ಮೊದಲರ್ಧದಲ್ಲಿ ಒತ್ತುವ ಸರದಿ ಅಪರೂಪ. ಮನಸ್ಸು ಎಲ್ಲೋ ಹೋದರೆ ಅದು ತಪ್ಪಿಹೋಗುತ್ತದೆ. ಆಮೇಲೆ ಒತ್ತುವುದೇ ಜಾಸ್ತಿ. ಆಗ ನಡುವೆ ಒತ್ತಬಾರದ ಚೌಕ ಬಂದರೆ ಕೈ ತಡೆಯೋದೇ ಕಷ್ಟ. ಇವೆರಡು ತಪ್ಪುಗಳ ಲೆಕ್ಕ ಸಿಗುತ್ತದೆ. ನನಗೆ ಇವಕ್ಕಿಂತ ಮುಖ್ಯ ಅನ್ನಿಸುವುದು ವೇಗದ ಏರುಪೇರು. ಒಂದು ಸಲ ಥಟ್ಟನೆ ಒತ್ತುವ ಮಗು ಇನ್ನೊಂದು ಸಲ ಸಿಕ್ಕಾಪಟ್ಟೆ ತಡಮಾಡುತ್ತದೆ. ಬರೀ ಸರಾಸರಿ ನೋಡಿದರೆ ಇದು ಕಾಣುವುದಿಲ್ಲ. ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಕಂಪ್ಯೂಟರಿಗೆ ತಿಳಿಯುತ್ತದೆ. ಸ್ವೀಡನ್ನಿನ 'ಕ್ಯೂಬಿ' ಪರೀಕ್ಷೆಯಂತೂ ಹಣೆಗೊಂದು ಪಟ್ಟಿ ಕಟ್ಟಿ, ಮಗು ಎಷ್ಟು ಅಲ್ಲಾಡಿತು ಅಂತ ಕ್ಯಾಮೆರಾದಲ್ಲಿ ಅಳೆಯುತ್ತದೆ.

ಇಂಥ ಪರೀಕ್ಷೆಯ ಮೂಲ 1956ರಷ್ಟು ಹಳೆಯದು. ಆದರೂ ಇದೊಂದರಿಂದಲೇ ಎ.ಡಿ.ಎಚ್.ಡಿ. ಇದೆ ಅಥವಾ ಇಲ್ಲ ಅಂತ ಹೇಳುವ ಹಾಗಿಲ್ಲ. ನಿದ್ದೆಗೆಟ್ಟ ಮಗು, ಹೆದರಿದ ಮಗು, ಕಣ್ಣು ಮಂಜಾದ ಮಗು, ಎಲ್ಲರೂ ಇದರಲ್ಲಿ ತಪ್ಪಬಹುದು. ಹೊಸ ಕೋಣೆ, ಪಕ್ಕದಲ್ಲೇ ದೊಡ್ಡವರು ಅಂದಾಗ ತೊಂದರೆ ಇರುವ ಮಗುವೂ ಪಾಸಾಗಿಬಿಡಬಹುದು. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿದ್ದವೇ, 6 ತಿಂಗಳಿಂದಲಾದರೂ ಇವೆಯೇ, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತವೆಯೇ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.

ಹಾಗಾಗಿ ಫೋನಿಗೆ ಇಳಿಸಿಕೊಂಡ ಯಾವುದೋ ಆ್ಯಪ್ ಕೊಟ್ಟ ಅಂಕ ನೋಡಿ ಗಾಬರಿಯಾಗಬೇಡಿ. ತಪಾಸಣೆಗೆ ಹೊರಟಾಗ ಟೀಚರ್ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ, ಹಳೇ ನೋಟ್‌ಬುಕ್ಕುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹಿಂದಿನ ರಾತ್ರಿ ಮಗುವನ್ನು ಬೇಗ ಮಲಗಿಸಿ.