ಕೆಪ್ಪ ಜೋಗದ ಕೆಳಗೆ

ಕೇಳುಗರಿಗೆ ನಮಸ್ಕಾರ.

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಹೆಗ್ಗರಣೆ ದಾಟಿ ಕಾಡಿನ ದಾರಿ ಹಿಡಿದರೆ, ಜಲಪಾತ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಮೊದಲು ಮರಗಳ ತಲೆಯ ಮೇಲೆ ಗಾಳಿ ಬೀಸುತ್ತಿದೆ ಎಂದುಕೊಳ್ಳುತ್ತೇವೆ. ಆದರೆ ಎಲೆ ಅಲುಗುತ್ತಿರುವುದಿಲ್ಲ. ಇನ್ನಷ್ಟು ಇಳಿದರೆ ಪಕ್ಕದಲ್ಲಿ ನಡೆಯುವವರ ಮಾತೂ ಕೇಳಿಸದಾಗುತ್ತದೆ. ಕಿವಿ ಕೆಪ್ಪಾಗುವಂಥ ಈ ಸದ್ದಿನಿಂದಲೇ ಊರವರು ಇದನ್ನು ಕೆಪ್ಪ ಜೋಗ ಎಂದು ಕರೆದರು. ಭೂಪಟದಲ್ಲಿ ಇದು ಉಂಚಳ್ಳಿ ಜಲಪಾತ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲುಷಿಂಗ್ಟನ್ ಅವರ ಹೆಸರೂ ಅಂಟಿಕೊಂಡಿತು. ನನಗೆ ಊರವರ ಹೆಸರೇ ಹೆಚ್ಚು ಪ್ರಿಯ.

ಅಘನಾಶಿನಿ ನದಿ ಇಲ್ಲಿ 116 ಮೀಟರ್ ಕೆಳಗೆ ಧುಮುಕಿ ಕೊಳ್ಳ ಸೇರುತ್ತದೆ. ಕಟಾಂಜನದ ಬಳಿ ಫೋಟೊ ತೆಗೆದು ಹತ್ತು ನಿಮಿಷದಲ್ಲಿ ಹಿಂದಿರುಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಜಲಪಾತಕ್ಕೆ ಬೆನ್ನು ತಿರುಗಿಸಿ ಒಮ್ಮೆ ಕೊಳ್ಳದ ಕಡೆ ನೋಡಿ. ಎರಡೂ ದಂಡೆಗಳಿಂದ ಕಡಿದಾಗಿ ಮೇಲೇರಿದ ಕಾಡು, ಬಿಡುವೇ ಇಲ್ಲದ ಹಸಿರು. ಒಂದು ಮರದ ಕೊಂಬೆ ಮುಗಿಯುವಲ್ಲಿ ಇನ್ನೊಂದರ ಕೊಂಬೆ ಆರಂಭವಾಗುತ್ತದೆ. ಸಿಂಗಳೀಕದ ದಾರಿ ಅದೇ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದಂಥ ಕುಚ್ಚು. ಪಶ್ಚಿಮ ಘಟ್ಟದ ಹೊರಗೆ ಜಗತ್ತಿನ ಯಾವ ಕಾಡಿನಲ್ಲಿಯೂ ಇಲ್ಲದ ಈ ಕೋತಿ ನೆಲಕ್ಕಿಳಿಯುವುದೇ ಅಪರೂಪ. ರಸ್ತೆಗೋ ತಂತಿಗೋ ಎಂದು ನಡುವೆ ಒಂದು ಸಾಲು ಮರ ಉರುಳಿದರೆ ಸಾಕು, ಗುಂಪಿನ ದಾರಿಯೇ ಕಡಿದುಹೋಗುತ್ತದೆ. 2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಸಿಂಗಳೀಕಕ್ಕೂ ಮನುಷ್ಯರಿಗೂ ಬೇಕಾದ ಹಣ್ಣೊಂದು ಈ ಕಾಡಿನಲ್ಲಿದೆ, ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಹೊರದೇಶಗಳಿಂದ ಬೇಡಿಕೆ ಏರಿದಾಗ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೀಳುವ ಆತುರ ಹುಟ್ಟಿತು, ಒಣಗಿಸಲು ಹಸಿ ಮರ ಒಲೆಗೆ ಹೋಯಿತು. ಬಡ ಕುಟುಂಬಗಳಿಗೆ ಅದು ಮಳೆಗಾಲದ ಆದಾಯ, ಬೇಡವೆನ್ನಲು ನಾನು ಯಾರು? ಬಿದ್ದ ಹಣ್ಣನ್ನು ಆರಿಸಿ, ಮರದ ಮೇಲಿನ ಪಾಲನ್ನು ಕೋತಿಗೂ ಹಕ್ಕಿಗೂ ಬಿಡುವವರನ್ನು ಕಂಡಿದ್ದೇನೆ. ಹಾಗೆ ಬಿಟ್ಟ ಮರ ಮರುವರ್ಷವೂ ಫಲ ಕೊಡುತ್ತದೆ.

ಕಾಡಿನೊಳಗೆ ನಡೆಯುವುದಾದರೆ ಪರಿಚಯಸ್ಥರೊಬ್ಬರು ಜೊತೆಗಿರಲಿ, ಅರಣ್ಯ ಇಲಾಖೆಯ ಅನುಮತಿ ಇರಲಿ. ಮಳೆಗಾಲದಲ್ಲಿ ಉಂಬಳ, ಅಂದರೆ ನೆತ್ತರು ಹೀರುವ ಜಿಗಣೆ, ಕಾಲಿಗೆ ಹತ್ತದೆ ಬಿಡುವುದಿಲ್ಲ. ಸುಣ್ಣ ತಂಬಾಕಿನ ಗಂಟು ಕಟ್ಟಿಕೊಂಡು ಹೋಗುವುದು ಇಲ್ಲಿನ ರೂಢಿ. ಹಾಗೆ ನಡೆಯುವಾಗ ಕಾಲಡಿಯ ನೆಲ ತಟ್ಟನೆ ಮೆತ್ತಗಾದರೆ ನೀವು ಜಡ್ಡಿಗೆ ಬಂದಿರಿ ಎಂದರ್ಥ. ರಾಮಪತ್ರೆಯ ಜಾತಿಯ ಮರಗಳು ನೀರಿನಲ್ಲೇ ಬೆಳೆಯುವ ಜೌಗು ಇದು. ಕೆಸರಿನಲ್ಲಿ ಉಸಿರು ಸಿಗದ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದಿರುತ್ತವೆ. ಇಂಥ ಜಡ್ಡಿಗಳನ್ನೇ ನೆಚ್ಚಿದ ಮರವೊಂದನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಹೆಸರಿಸಿದ್ದು 2000ದಲ್ಲಿ. ಸಿಕ್ಕಿದ ತಾಣ ಕತ್ತಲೆಕಾನು ಎಂಬ ಕಾಡು, ಆ ಹೆಸರೇ ಮರಕ್ಕೂ ಬಂತು.

ಜಡ್ಡಿ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟುತೊಟ್ಟಾಗಿ ಹಳ್ಳಕ್ಕೆ ಬಿಡುತ್ತದೆ. ಮಾರ್ಚ್ ತಿಂಗಳಲ್ಲಿ ಅಡಿಕೆ ತೋಟಕ್ಕೆ ಹರಿಯುವ ನೀರು ಇಲ್ಲಿಯದು. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮಣ್ಣೂ ಕೊಳೆತ ಎಲೆಯ ಸಾರವೂ ಸಮುದ್ರದವರೆಗೆ ಹೋಗುತ್ತವೆ. ನದಿ ಸಮುದ್ರ ಸೇರುವ ಕುಮಟಾದ ಅಳಿವೆಯಲ್ಲಿ ಮಹಿಳೆಯರು ಮೊಣಕಾಲುದ್ದ ನೀರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ, ಉಪ್ಪುನೀರಿಗೂ ಬಗ್ಗದ ಕಗ್ಗ ಭತ್ತ ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಉಂಚಳ್ಳಿಗೆ ಹೋಗುವವರು ಮಳೆ ಇಳಿದ ಮೇಲೆ, ಬೆಳಗ್ಗೆಯೇ ಹೊರಡಿ. ಕೊಳ್ಳಕ್ಕೆ ಮುಖ ಮಾಡಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಎದುರು ದಂಡೆಯ ಮರವೊಂದರಲ್ಲಿ ಗಾಳಿಯಿಲ್ಲದೆಯೂ ಕೊಂಬೆ ಬಾಗಿದರೆ, ಕಣ್ಣು ಅಲ್ಲಿಯೇ ಇರಲಿ.

ನಮಸ್ಕಾರ.