ನಾಲ್ಕು ಬೀವರ್ ತೊಗಲಿಗೆ ಒಂದು ಪಿಸ್ತೂಲು

ನಮಸ್ಕಾರ. ಇವತ್ತು ನಾನು ಅಮೆರಿಕದ ನೆಬ್ರಾಸ್ಕಾದಲ್ಲಿದ್ದೀನಿ, ಚಾಡ್ರನ್ ಅನ್ನೋ ಸಣ್ಣ ಊರಿನ ಹೊರವಲಯದಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಬರೀ ಹುಲ್ಲುಗಾವಲು. 1837ರಲ್ಲಿ ತುಪ್ಪಳದ ವ್ಯಾಪಾರ ಮಾಡ್ತಿದ್ದ ಅಮೆರಿಕನ್ ಫರ್ ಕಂಪನಿಯ ಪರವಾಗಿ ಇಲ್ಲಿ ಒಂದು ಅಂಗಡಿ ಶುರುವಾಯ್ತು. ಅದನ್ನ ನಡೆಸಿದವನು ಜೇಮ್ಸ್ ಬೋರ್ಡೋ. ಈಗ ಅದೇ ಜಾಗದಲ್ಲಿ ತುಪ್ಪಳ ವ್ಯಾಪಾರದ ವಸ್ತುಸಂಗ್ರಹಾಲಯ ಇದೆ. ಮೂಲನಿವಾಸಿಗಳಿಗೆ ಮಾರೋದಕ್ಕೇ ಅಂತ ತಯಾರಾದ ಬಂದೂಕುಗಳನ್ನ ಇಷ್ಟೊಂದು ಒಟ್ಟಿಗೆ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮೊದಲು ಈ ಉದ್ದನೆಯ ಕೋವಿ ನೋಡಿ. ನಾರ್ತ್‌ವೆಸ್ಟ್ ಗನ್ ಅಂತಾರೆ. ಪಕ್ಕದಲ್ಲಿ ಹಿತ್ತಾಳೆಯ ತಗಡು, ಅದರಲ್ಲಿ ಮೈ ಸುತ್ತಿಕೊಂಡ ಹಾವು, ಹತ್ತಿರದಿಂದ ನೋಡಿದ್ರೆ ಹೊಳೆಯೋ ಪೊರೆಗಳು. ಕೋವಿಯ ಕುದುರೆ, ಅಂದ್ರೆ ಬೆರಳಲ್ಲಿ ಎಳೆಯೋ ಕೊಕ್ಕೆ, ಅದರ ಹತ್ತಿರ ಪುಟ್ಟದಾಗಿ ಕುಳಿತ ನರಿಯ ಮುದ್ರೆ. ಕೊಳ್ಳೋಕೆ ಬಂದವರು ಮೊದಲು ಈ ಹಾವನ್ನೇ ಹುಡುಕ್ತಿದ್ರು, ಅದು ಇಲ್ಲದ ಕೋವಿ ಅವರಿಗೆ ಬೇಡವಾಗಿತ್ತು. ಲಂಡನ್ನಿನ ಬಾರ್ನೆಟ್ ಮನೆತನದವರು ಇಂಥ ಕೋವಿಗಳಿಗೆ ಹೆಸರುವಾಸಿ. ಅದೇ ಬಾರ್ನೆಟ್ ಹೆಸರು ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲೂ ಸಿಗುತ್ತೆ.

ಸರಿ, ನಾನು ಬಂದಿರೋದು ಪಿಸ್ತೂಲಿಗಾಗಿ. ಕೋವಿಗಳ ಸಾಲು ಮುಗಿಯೋದೇ ಇಲ್ಲ, ಪಿಸ್ತೂಲುಗಳು ಮಾತ್ರ ಬೆರಳೆಣಿಕೆ. ಯಾಕೆ ಹೀಗೆ? ಬೇಟೆಗಾರನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಉದ್ದ ನಳಿಗೆಯ ಕೋವಿಗೆ ಒಂದೇ ಗುಂಡು ಹಾಕಿದ್ರೆ ಜಿಂಕೆಗೆ ಆಯ್ತು, ಚರೆ, ಅಂದ್ರೆ ಸಣ್ಣ ಸಣ್ಣ ಗುಂಡು, ತುಂಬಿದ್ರೆ ಬಾತುಕೋಳಿಗೂ ಆಯ್ತು. ಮನೆಮಂದಿಯ ಹೊಟ್ಟೆ ತುಂಬಿಸೋದು ಅದು. ಪಿಸ್ತೂಲಿಗೆ ಇರೋದು ಒಂದೇ ಈಡು, ಅದೂ ಹತ್ತಿರದ ಗುರಿಗೆ ಮಾತ್ರ. ಅದು ಕುದುರೆ ಮೇಲಿರೋವಾಗ, ಕಾಳಗದಲ್ಲಿ ಕೆಲಸಕ್ಕೆ ಬರೋ ವಸ್ತು. ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರ ಮಾಡ್ತಿದ್ದ ಬ್ರಿಟಿಷ್ ಹಡ್ಸನ್ ಬೇ ಕಂಪನಿಯ 1733ರ ದರಪಟ್ಟಿಯಲ್ಲೂ ಇದು ಕಾಣುತ್ತೆ. ಕೋವಿಗೆ ಹತ್ತರಿಂದ ಹನ್ನೆರಡು ಬೀವರ್ ತೊಗಲು (ಬೀವರ್ ಅಂದ್ರೆ ನೀರಲ್ಲಿ ಬದುಕೋ, ದಟ್ಟ ತುಪ್ಪಳದ ಪ್ರಾಣಿ), ಪಿಸ್ತೂಲಿಗೆ ನಾಲ್ಕೇ ನಾಲ್ಕು. ಒಂದು ಕಂಬಳಿಗೇ ಆರು ತೊಗಲು ಕೊಡಬೇಕಿತ್ತು! ಚಳಿ ದೇಶದಲ್ಲಿ ಪಿಸ್ತೂಲಿಗಿಂತ ಕಂಬಳಿ ದುಬಾರಿ.

ಕೋವಿಯನ್ನ ನೆಟ್ಟಗೆ ನಿಲ್ಲಿಸಿ, ಅದರ ಎತ್ತರಕ್ಕೆ ತೊಗಲು ಪೇರಿಸಿದ್ರೇನೇ ಕೋವಿ ಕೊಡ್ತಿದ್ರು ಅನ್ನೋ ಕತೆ ನೀವೂ ಕೇಳಿರಬಹುದು. ಅಷ್ಟು ಎತ್ತರದ ರಾಶಿಗೆ ಹನ್ನೆರಡು ತೊಗಲು ಎಲ್ಲಿ ಸಾಕಾಗುತ್ತೆ? ಈ ಕತೆ ನನಗೆ ಬೇಸರ ತರಿಸುತ್ತೆ, ಕೊಳ್ಳೋಕೆ ಬಂದವರನ್ನೆಲ್ಲ ಅದು ಮುಗ್ಧರನ್ನಾಗಿ ಮಾಡಿಬಿಡುತ್ತೆ. ಹಾವಿನ ತಗಡು ಇಲ್ಲ ಅಂತ ಮಾಲು ವಾಪಸ್ ಕೊಡೋ ಜನ ಅವರು. ಬೆಲೆ ಏನು ಅಂತ ಅವರಿಗೆ ಚೆನ್ನಾಗೇ ಗೊತ್ತಿತ್ತು.

ಈಗ ಪರದೆ ಮೇಲೆ ಕಾಣ್ತಿರೋದು ಒಬ್ಬ ಸಂಗ್ರಾಹಕರು ನನ್ನ ಕೈಗೆ ಕೊಟ್ಟ ಪಿಸ್ತೂಲು. ಬೆಲ್ಜಿಯಂನ ಲಿಯೇಜ್‌ನದ್ದು. ನಳಿಗೆಯ ಮೇಲೆ ಮೊಟ್ಟೆಯಾಕಾರದ ಗೆರೆ, ಒಳಗೆ ಇ ಎಲ್ ಜಿ ಅನ್ನೋ ಅಕ್ಷರಗಳು. ನಳಿಗೆಯನ್ನ ಪರೀಕ್ಷೆ ಮಾಡಿದ್ದಕ್ಕೆ ಅಲ್ಲಿ ಹಾಕೋ ಮುದ್ರೆ ಅದು. ಅದರ ಮೇಲೆ ಕಿರೀಟ ಇದ್ದಿದ್ರೆ 1893ರ ನಂತರದ್ದು ಅಂತ ಅರ್ಥ, ಇದರಲ್ಲಿ ಇಲ್ಲ. ಚಕಮಕಿ ಕಲ್ಲು ಕಚ್ಚಿಹಿಡಿಯೋ ದವಡೆಯಲ್ಲಿ ಒಂದು ಚೂರು ಚರ್ಮ ಇನ್ನೂ ಉಳಿದಿದೆ, ಕಲ್ಲು ಜಾರಬಾರದು ಅಂತ ಇಟ್ಟಿದ್ದು. ಪಿಸ್ತೂಲಿನ ಕುದುರೆ ಎಳೆದ್ರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತೆ, ಬಟ್ಟಲಲ್ಲಿರೋ ಚಿಟಿಕೆ ಮದ್ದು ಹತ್ತಿಕೊಳ್ಳುತ್ತೆ, ಆ ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಗೆ ನುಗ್ಗುತ್ತೆ. ಹೊಡೆದ್ರೆ ಸಿಡಿದು ಮದ್ದಿಗೆ ಬೆಂಕಿ ಹಚ್ಚೋ ಪುಟ್ಟ ಲೋಹದ ಟೋಪಿ, ಅಂದ್ರೆ ಕೇಪು, ಬಂದ ಮೇಲೂ ದೂರದ ಅಡವಿಗಳಲ್ಲಿ ಜನ ಚಕಮಕಿಯನ್ನ ಬಿಡಲಿಲ್ಲ. ಕೇಪು ಮುಗಿದ್ರೆ ಅಂಗಡಿಯವರೆಗೆ ಹೋಗಬೇಕು, ಕಲ್ಲು ಕಾಡಲ್ಲೂ ಸಿಗಬಹುದು. ಮುದ್ರೆಗಳನ್ನ ನಕಲಿ ಮಾಡೋರೂ ಇದ್ದಾರೆ. ಕೊಳ್ಳೋ ಆಸೆ ಇದ್ರೆ ಮುದ್ರೆ ಒಂದನ್ನೇ ನಂಬಬೇಡಿ, ಚಾಪಿನ, ಅಂದ್ರೆ ಕಿಡಿ ಹಾರಿಸೋ ಭಾಗದ, ತಗಡು ಬಿಚ್ಚಿಸಿ ಒಳಗಿನ ಸವೆತ ನೋಡಿ.

ನಾಲ್ಕು ತೊಗಲಿನ ಈ ವಸ್ತು ಎಲ್ಲ ಕಡೆ ಅಗ್ಗ ಆಗಿರಲಿಲ್ಲ. 1805ರ ಆಗಸ್ಟ್ 29. ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕ್ತಾ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಈಗಿನ ಐಡಹೋದ ಲೆಮ್‌ಹೈ ಕಣಿವೆಯಲ್ಲಿದೆ, ಬೆಟ್ಟ ದಾಟೋಕೆ ಕುದುರೆಗಳು ಬೇಕು. ಅವತ್ತು ವಿಲಿಯಂ ಕ್ಲಾರ್ಕ್ ತನ್ನ ಸ್ವಂತ ಪಿಸ್ತೂಲು, ನೂರು ಗುಂಡು, ಮದ್ದು, ಒಂದು ಚಾಕು ಇಷ್ಟನ್ನೂ ಅಲ್ಲಿನ ಮೂಲನಿವಾಸಿಗಳಾದ ಶೋಶೋನಿಯರಿಗೆ ಕೊಟ್ಟು ಒಂದು ಕುದುರೆ ಪಡೆದ. ಶೋಶೋನಿಯರ ಹತ್ತಿರ ಕುದುರೆಗಳು ಬೇಕಾದಷ್ಟಿದ್ವು, ಬಂದೂಕುಗಳು ಇದ್ದಿದ್ದು ತೀರಾ ಕಡಿಮೆ. ಸ್ಪೇನಿನವರು ಅವರಿಗೆ ಬಂದೂಕು ಮಾರ್ತಿರಲಿಲ್ಲ, ವೈರಿಗಳಿಗೆ ಮಾತ್ರ ಉತ್ತರದ ವ್ಯಾಪಾರಿಗಳಿಂದ ಸಿಗ್ತಿತ್ತು. ಅವರ ಮುಖಂಡ ಕಮೆಯಾವೈಟ್ ಲೂಯಿಸ್ ಹತ್ತಿರ ಹೇಳಿಕೊಂಡಿದ್ದೂ ಇದನ್ನೇ. ನಮ್ಮ ಹತ್ತಿರ ಬಂದೂಕು ಇದ್ದಿದ್ರೆ ಈ ಬೆಟ್ಟಗಳಲ್ಲಿ ಅವಿತುಕೊಂಡು ಬೇರು, ಕಾಯಿ ತಿಂದು ಬದುಕಬೇಕಾಗಿರಲಿಲ್ಲ, ಕಾಡೆಮ್ಮೆಗಳಿರೋ ಬಯಲಿಗೆ ಇಳಿದು ಬಾಳ್ತಿದ್ವಿ, ವೈರಿ ಎದುರಾದ್ರೂ ಹೆದರ್ತಿರಲಿಲ್ಲ ಅಂತ.