ಕೆರೀಬೇಡಿ, ನೆನೀಲಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಮಕ್ಕಳ ಬೆಳಗಿನ ತಿಂಡಿ ಮುಗಿಯುವಾಗ ಗಂಟೆ 8 ಆಗಿರುತ್ತದೆ. ಮೊಮ್ಮಗಳಿಗೆ 5 ವರ್ಷ. ಅವಳಿಗೆ ಹಾಲಿಗೆ ಹಾಕಿದ ಕಾರ್ನ್‌ಫ್ಲೇಕ್ಸ್ ಬೇಕು. ಅವಳ ತಮ್ಮನಿಗೆ 11 ತಿಂಗಳು, ಅವನಿಗೆ ರಾಗಿ ಸರಿ. ಶಾಲೆಯ ವ್ಯಾನು ಹಾರನ್ ಹೊಡೆದ ಕೂಡಲೇ ಅವಳು ಬಟ್ಟಲು ಬಿಟ್ಟು ಓಡುತ್ತಾಳೆ. ಮಗಳು, ಅಳಿಯ ಆಫೀಸಿಗೆ ಹೊರಡುತ್ತಾರೆ. ಮಗುವಿಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ತೊಟ್ಟಿಲಲ್ಲಿ ತೂಗಿ ಮಲಗಿಸಿ ನಾನು ಊಟದ ಮೇಜಿನ ಹತ್ತಿರ ಬರುವಷ್ಟರಲ್ಲಿ ಹನ್ನೊಂದು. ಅಷ್ಟು ಹೊತ್ತಿಗೆ ಸರಿ ಕಲ್ಲಾಗಿರುತ್ತದೆ. ನೆಲದ ಮೇಲೆ ಐದು ಬೆರಳಿನ ಗುರುತು, ಕುರ್ಚಿಯ ಕಾಲಿನುದ್ದಕ್ಕೂ ಇಳಿದು ಒಣಗಿದ ಕಂದು ಧಾರೆ, ಗೋಡೆಯಲ್ಲಿ ಹಣೆಬೊಟ್ಟಿನ ಹಾಗೆ ಅಂಟಿಕೊಂಡ ಒಂದು ಕಾರ್ನ್‌ಫ್ಲೇಕ್ಸ್ ಚೂರು.

ಮೊದಲ ಸಲ ಇದನ್ನು ಕಂಡಾಗ ನಾನು ಚಾಕು ತಂದು ಕೆರೆದೆ. ತೇಗದ ಮೇಜಿನ ಪಾಲಿಶ್ ಸರಿಯ ಜೊತೆಗೇ ಎದ್ದು ಬಂತು. ಆ ಬಿಳಿ ಗೀರು ಇವತ್ತಿಗೂ ಇದೆ. ಆಗ ಪಾತ್ರೆ ತೊಳೆಯಲು ಬರುವಾಕೆ ನನ್ನ ಕೈಯಿಂದ ಚಾಕು ತೆಗೆದುಕೊಂಡು, ಹಳೇ ಸೀರೆಯ ತುಂಡೊಂದನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಆ ಕಲೆಯ ಮೇಲೆ ಹಾಸಿದರು. "ಅಮ್ಮಾ, ಕೆರೀಬೇಡಿ. ನೆನೀಲಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ಎತ್ತಿ ಒಂದೇ ಸಲ ಎಳೆದರು. ಎಲ್ಲ ಬಂತು. ಇವತ್ತು ನಾನು ಹೇಳಬೇಕೆಂದು ಬಂದಿರುವುದೂ ಅವರ ಆ ಮಾತನ್ನೇ.

ಇದು ಯಾಕೆ ಹೀಗೆ ಕಚ್ಚಿಕೊಳ್ಳುತ್ತದೆ? ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಅನ್ನದ ಅಗುಳು ತಿಕ್ಕಿ ಕಾಗದ ಅಂಟಿಸಿದ್ದು ನಿಮಗೆ ನೆನಪಿರಬಹುದು. ಹತ್ತಿ ಸೀರೆಗೆ ಗಂಜಿ ಹಾಕಿ ಒಣಗಿಸಿದರೆ ಗರಿಗರಿಯಾಗಿ ನಿಲ್ಲುತ್ತದೆ. ಅಲ್ಲಿ ಕೆಲಸ ಮಾಡುವುದೂ ಧಾನ್ಯದೊಳಗಿನ ಪಿಷ್ಟ, ಇಲ್ಲಿ ಮಾಡುವುದೂ ಅದೇ. ಹಿಟ್ಟನ್ನು ನೀರಿನಲ್ಲಿ ಕಾಯಿಸಿದಾಗ, ಸುಮಾರು 60ರಿಂದ 75 ಡಿಗ್ರಿ ಬಿಸಿಗೆ, ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಗಂಜಿ ಗಟ್ಟಿಯಾಗುವುದು ಆಗಲೇ. ಆಮೇಲೆ ನೀರು ಆರಿದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯುತ್ತವೆ. ಕಾರ್ನ್‌ಫ್ಲೇಕ್ಸಿಗೆ ನಾವು ತಣ್ಣನೆ ಹಾಲು ಹಾಕಿದರೂ ಅದು ಅಂಟುತ್ತದೆ, ಯಾಕೆಂದರೆ ಮುಸುಕಿನ ಜೋಳವನ್ನು ಕಾರ್ಖಾನೆಯಲ್ಲೇ ಬೇಯಿಸಿ, ಉರುಳೆಗೆ ಕೊಟ್ಟು ಚಪ್ಪಟೆ ಮಾಡಿ, ಹುರಿದಿರುತ್ತಾರೆ. ನಮ್ಮ ಅವಲಕ್ಕಿಯೂ ಹಾಗೇ. ಭತ್ತ ನೆನೆಸಿ, ಹುರಿದು, ಕುಟ್ಟಿದ್ದು. ನೆನೆದ ಅವಲಕ್ಕಿ ನೆಲಕ್ಕೆ ಬಿದ್ದು ಒಣಗಿದರೆ ಗೊತ್ತಾಗುತ್ತದೆ ಅದರ ಹಿಡಿತ. ಓಟ್ಸ್ ಇನ್ನೂ ಹಟಮಾರಿ, ಅದರಲ್ಲಿ ಪಿಷ್ಟದ ಜೊತೆಗೆ ಲೋಳೆಯಂಥ ನಾರೂ ಇರುತ್ತದೆ.

ನೀರು ಆರಿ ಗಟ್ಟಿಯಾದದ್ದು ನೀರು ಕುಡಿದರೇ ಮೆತ್ತಗಾಗುವುದು. ಕೈ ತಾಳುವಷ್ಟು ಬಿಸಿಯ ನೀರು, ಹತ್ತು ಹದಿನೈದು ನಿಮಿಷ, ಅಷ್ಟೇ. ಕುದಿಯುವ ನೀರು ಸುರಿಯಬೇಡಿ, ಹಾಲು ಬೆರೆತ ಕಲೆ ಬಟ್ಟೆಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕಲೆಯಾದ ಬಟ್ಟೆಬರೆಯನ್ನು ಮೊದಲು ತಣ್ಣೀರಿನಲ್ಲೇ ನೆನೆಹಾಕಿ. ಮರದ ಮೇಜಿಗೆ ಮಾತ್ರ ಚೆನ್ನಾಗಿ ಹಿಂಡಿದ ಬಟ್ಟೆ, ಐದೈದು ನಿಮಿಷದಂತೆ ಎರಡು ಮೂರು ಸಲ. ನೀರು ನಿಂತರೆ ಪಾಲಿಶ್ ಬೆಳ್ಳಗಾಗುತ್ತದೆ. ಕಡಪ ಕಲ್ಲು, ಅಮೃತಶಿಲೆ, ಕೆಂಪು ಗಾರೆಯ ನೆಲ ಇದ್ದವರು ನಿಂಬೆಹಣ್ಣು, ಹುಣಸೆಹುಳಿ, ವಿನೆಗರ್ ಮುಟ್ಟಿಸಬೇಡಿ. ಹುಳಿ ಅವುಗಳ ಮೈಯನ್ನೇ ತಿನ್ನುತ್ತದೆ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯಿರಿ, ತಿಕ್ಕಿದರೆ ಬಣ್ಣವೂ ಬರುತ್ತದೆ. ಬಾಡಿಗೆ ಮನೆಯವರಿಗೆ ಈ ಮಾತು ಮುಖ್ಯ.

ಎಲ್ಲಕ್ಕಿಂತ ಕಷ್ಟದ್ದು ಮಗುವಿನ ಎತ್ತರದ ಕುರ್ಚಿಯ ಬೆಲ್ಟು. ನಮ್ಮ ಕುರ್ಚಿಯದು ನೇಯ್ದ ಪಟ್ಟಿ. ನೇಯ್ಗೆಯ ಸಂದುಸಂದಿನಲ್ಲಿ ಸರಿ ಕೂತು ಪಟ್ಟಿ ಬೆತ್ತದ ಹಾಗೆ ಸೆಟೆದುಕೊಂಡಿತ್ತು. ಮಗುವಿನ ಎಳೆ ತೊಡೆಗೆ ಅದು ಉಜ್ಜಿ ಕೆಂಪಗಾಗಿದ್ದನ್ನು ಸ್ನಾನ ಮಾಡಿಸುವಾಗ ನೋಡಿ ಕರುಳು ಚುರ್ ಅಂದಿತು. ಮೇಲೆ ಮೇಲೆ ಒರೆಸಿ ದಿನ ಕಳೆದಿದ್ದೆವು, ಬೆಲ್ಟನ್ನು ಬಿಚ್ಚಿಯೇ ಇರಲಿಲ್ಲ. ಅವತ್ತೇ ಬಿಚ್ಚಿ, ಬಟ್ಟೆ ಒಗೆಯುವ ಪುಡಿ ಕದಡಿದ ಬೆಚ್ಚನೆ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟೆ. ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆಯ ಜಾಡಿನಲ್ಲೇ ಉಜ್ಜಿ, ಪುಡಿಯ ಅಂಶ ಹೋಗುವ ತನಕ ಜಾಲಿಸಿ, ಬಿಸಿಲಿಗೆ ಹಾಕಿದೆ. ಬಕಲಿನ ಒಳಗೆ ಸಿಕ್ಕಿದ್ದನ್ನು ತೆಗೆಯಲು ಪೊರಕೆಕಡ್ಡಿ ಬೇಕಾಯಿತು. ಈಗ ಪ್ರತಿ ಭಾನುವಾರ ಬಿಚ್ಚುತ್ತೇವೆ.

ಒಗೆಯುವ ಪುಡಿ ಎಂದೆನಲ್ಲ, ಕೆಲವು ಪುಡಿಗಳಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ನಮ್ಮ ಜೊಲ್ಲಿನಲ್ಲಿರುವುದೂ ಅದೇ ಬಗೆಯದು. ರಾಗಿ ಮೊಳಕೆಯೊಡೆದಾಗ ಕಾಳಿನೊಳಗೂ ಅದು ಹುಟ್ಟುತ್ತದೆ. ಅದಕ್ಕೇ ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟಿನ ಸರಿ ತೆಳ್ಳಗಿರುತ್ತದೆ, ಮಗುವಿಗೆ ನುಂಗಲು ಹಗುರ. ಮೊಳಕೆ ರಾಗಿಯನ್ನೇ ಮಕ್ಕಳಿಗೆ ಮಾಡಿ ಹಾಕುತ್ತಿದ್ದ ನಮ್ಮ ಹಿರಿಯ ಹೆಂಗಸರ ಕೈಗುಣ ದೊಡ್ಡದು.

ತಲೆಗೂದಲಿಗೆ ಹತ್ತಿ ಒಣಗಿದ್ದರೆ ಬಾಚಣಿಗೆ ಹಾಕಬೇಡಿ, ಮಗು ಚೀರುತ್ತದೆ. ಬೆಚ್ಚನೆ ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಇಟ್ಟು ಕಥೆ ಹೇಳುತ್ತಾ ಕೂರಿ.

ಗಲೀಜಾಗುತ್ತದೆಂದು ಮಗುವಿನ ಕೈಯಿಂದ ಬಟ್ಟಲು ಕಸಿದುಕೊಳ್ಳುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. 9-10 ತಿಂಗಳಿಗೆ ಮಗು ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಅಗುಳನ್ನು ಹೆಕ್ಕಲು ಕಲಿಯುತ್ತದೆ. ನಮ್ಮವನು ನೆಲಕ್ಕೆ ಬಿದ್ದ ಕಾರ್ನ್‌ಫ್ಲೇಕ್ಸ್ ಒಂದನ್ನು ಹಾಗೆ ಹಿಡಿಯಲು ಎಷ್ಟೋ ಹೊತ್ತು ಒದ್ದಾಡಿ, ಕೊನೆಗೆ ಹಿಡಿದು ನನಗೆ ತೋರಿಸಿದ. ಕೆಳಗೆ ಹಳೇ ಹಾಸು ಹಾಸಿದರಾಯಿತು. ಒರೆಸಲು ಹೊತ್ತಿಲ್ಲವೇ, ಒದ್ದೆ ಬಟ್ಟೆಯೊಂದನ್ನು ತಟ್ಟೆಯ ಮೇಲೆ, ಕುರ್ಚಿಯ ಮೇಲೆ ಮುಚ್ಚಿ ಹೋಗಿ. ಒಣಗಲು ಬಿಡದಿದ್ದರೆ ಮುಕ್ಕಾಲು ಕೆಲಸ ಕಮ್ಮಿ.

ಬಟ್ಟಲುಗಳನ್ನೂ ಹಾಗೇ ಸಿಂಕಿನಲ್ಲಿ ಒಣಗಲು ಬಿಡಬೇಡಿ. ಒಣಗಿದ ಮುಸುರೆಯನ್ನು ಉಗುರಿನಲ್ಲಿ ಕೆರೆಯಬೇಕಾಗುವುದು ಬಹಳ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಗಳು. ನನ್ನ ಕೈಯಿಂದ ಚಾಕು ತೆಗೆದುಕೊಂಡ ಆಕೆಯ ಬೆರಳ ತುದಿಗಳನ್ನು ಅವತ್ತು ಹತ್ತಿರದಿಂದ ನೋಡಿದೆ, ಚರ್ಮ ಸೀಳು ಬಿಟ್ಟಿತ್ತು. ದಿನಕ್ಕೆ ನಾಲ್ಕು ಮನೆಯ ಪಾತ್ರೆ ಅವರ ಕೈಯಲ್ಲಿ. ಈಗ ಅವರು ಬಾಗಿಲು ತಟ್ಟುವ ಹೊತ್ತಿಗೆ ನಮ್ಮ ಮನೆಯ ಎರಡೂ ಬಟ್ಟಲು ನೀರು ತುಂಬಿಕೊಂಡು ಕಾದಿರುತ್ತವೆ.

ನಮಸ್ಕಾರ.